ಮಣ್ಣಿಗೆ ನೀರು ಇಳಿದಾಗ ಗಾಳಿ ಎಲ್ಲಿಗೆ ಹೋಗಬೇಕು?

ಹೈದರಾಬಾದಿನ ನಾಂಪಲ್ಲಿಯಲ್ಲಿ ಸುರಿಯುವ ಮಳೆಯ ಬಹುಪಾಲು ಡಾಂಬರು, ಕಾಂಕ್ರೀಟುಗಳ ಮೇಲೆಯೇ ಹರಿದು ಚರಂಡಿ ಸೇರುತ್ತದೆ; ಬಾಗ್-ಎ-ಆಮ್ ಎಂಬ ಹಳೆಯ ಸಾರ್ವಜನಿಕ ಉದ್ಯಾನದಂಥ ತೆರೆದ ನೆಲದಲ್ಲಷ್ಟೇ ಅದಕ್ಕೆ ಮಣ್ಣಿನೊಳಗೆ ಇಳಿಯುವ ಅವಕಾಶ ಉಳಿದಿದೆ. ಈ ಸೀಮೆಯ ತಳದಲ್ಲಿರುವುದು ಗ್ರಾನೈಟ್, ಅದರ ಮೇಲೆ ಅದೇ ಬಂಡೆ ಶಿಥಿಲವಾಗಿ ಆದ ಮೊರಂ, ಅದಕ್ಕೂ ಮೇಲೆ ಕೆಂಪು ಮಣ್ಣು. ನೆಲದ ಮೇಲ್ಮೈಗೂ ಅಂತರ್ಜಲ ಮಟ್ಟಕ್ಕೂ ನಡುವಿನ ಪದರದ ರಂಧ್ರಗಳನ್ನು ನೀರು ಮತ್ತು ಗಾಳಿ ಹಂಚಿಕೊಂಡಿರುವುದರಿಂದ ಅದನ್ನು ಅಪರ್ಯಾಪ್ತ ವಲಯ ಎನ್ನುತ್ತಾರೆ. ಕಿರುರಂಧ್ರಗಳು ನೀರನ್ನು ಹೀರಿ ಹಿಡಿದಿಡುತ್ತವೆ, ಮಣ್ಣು ಒಣಗಿದಷ್ಟೂ ನೀರಿನ ಹಾದಿಗಳು ತುಂಡಾಗಿ ಹರಿವು ಕುಗ್ಗುತ್ತದೆ ಎಂಬುದನ್ನು ಎಡ್ಗರ್ ಬಕಿಂಗ್‌ಹ್ಯಾಮ್ 1907ರಲ್ಲಿ ವಿವರಿಸಿದರು. 1931ರಲ್ಲಿ ಲೊರೆಂಜೊ ರಿಚರ್ಡ್ಸ್ ಅದಕ್ಕೆ ಪೂರ್ಣ ಸಮೀಕರಣ ಕೊಟ್ಟರು.

ಈ ಕಾಣದ ಇಳಿತವನ್ನು ಅಳೆಯುವ ಅಪೂರ್ವ ಕೆಲಸ ನಡೆದದ್ದು ಇದೇ ನಗರದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯಲ್ಲಿ. ಮುಂಗಾರಿಗೆ ಮೊದಲು ಬೇರಿನ ಆಳಕ್ಕಿಂತ ಕೆಳಗೆ, ವಿಕಿರಣಶೀಲ ಜಲಜನಕವಾದ ಟ್ರಿಟಿಯಮ್ ಇರುವ ನೀರನ್ನು ಮಣ್ಣಿಗೆ ಸೇರಿಸಿ, ಮಳೆಗಾಲ ಕಳೆದ ಮೇಲೆ ಅಲ್ಲಿಯ ಮಣ್ಣನ್ನು ಹಂತಹಂತವಾಗಿ ತೆಗೆದು, ಆ ಗುರುತು ಎಷ್ಟು ಕೆಳಗೆ ಸರಿದಿದೆ ಎಂದು ನೋಡುತ್ತಾರೆ. ಗುರುತು 50 ಸೆಂ.ಮೀ. ಇಳಿದಿದ್ದು, ಮಣ್ಣಿನ ಗಾತ್ರದಲ್ಲಿ ಶೇ 12ರಷ್ಟು ತೇವವಿದ್ದರೆ, ಇಂಗಿದ್ದು 60 ಮಿ.ಮೀ. ಎಂದರ್ಥ. ಹೊಸ ನೀರು ಹಳೆಯ ನೀರನ್ನು ಕೆಳಕ್ಕೆ ತಳ್ಳುತ್ತದೆಯೇ ಹೊರತು ಅದನ್ನು ದಾಟಿ ಮುಂದೆ ಓಡುವುದಿಲ್ಲ ಎಂಬ ನಂಬಿಕೆ ಈ ಲೆಕ್ಕದ ಬುನಾದಿಯಾಗಿರುವುದರಿಂದ, ಬೇಸಿಗೆಯಲ್ಲಿ ಬಿರುಕು ಬಿಡುವ ಎರೆಮಣ್ಣಿಗೆ ಇದನ್ನು ಹಾಗೆಯೇ ಅನ್ವಯಿಸುವುದು ಸರಿಯಲ್ಲ. ದೇಶದ ಹಲವೆಡೆ ಈ ವಿಧಾನ ತೋರಿಸಿದ ಸಂಗತಿಯೆಂದರೆ, ಮಳೆಯ ಸಣ್ಣ ಪಾಲು ಮಾತ್ರ ಅಂತರ್ಜಲದ ಕಡೆಗೆ ಸಾಗುತ್ತದೆ.

ಗಾಳಿಯ ಪಾತ್ರವಂತೂ ಇನ್ನೂ ವಿಸ್ಮಯಕರ. ಜೋರು ಮಳೆಯಲ್ಲಿ ಮೇಲ್ಪದರ ನೆನೆದು ಮುಚ್ಚಿಕೊಂಡಾಗ, ಕೆಳಗಿನ ರಂಧ್ರಗಳ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಅದು ಒತ್ತಿಕೊಳ್ಳುತ್ತದೆ. ಈ ಒತ್ತಡ ಇಳಿಯುವ ನೀರನ್ನು ತಡೆಯುವುದಷ್ಟೇ ಅಲ್ಲ, ಅಂತರ್ಜಲ ಮೇಲುಮಟ್ಟದಲ್ಲಿರುವ ಕಡೆ ಅದನ್ನೂ ಅದುಮಿ, ಬಾಯ್ತೆರೆದ ಬಾವಿಯೊಳಗೆ ಏರಿಸುತ್ತದೆ. ನೆದರ್ಲೆಂಡ್ಸ್‌ನ ಲಿಸ್ಸೆ ಊರಿನ ಹೆಸರಿನಿಂದ ಇದನ್ನು ಲಿಸ್ಸೆ ಪರಿಣಾಮ ಎನ್ನುತ್ತಾರೆ. ಸಿಕ್ಕಿಬಿದ್ದ ಗಾಳಿಯ ಒತ್ತಡ ವಾತಾವರಣದ ಒತ್ತಡಕ್ಕಿಂತ ಶೇ 1ರಷ್ಟು ಹೆಚ್ಚಿದರೂ, ಒಂದು ಹನಿ ಮಳೆನೀರು ತಲುಪದ ಬಾವಿಯಲ್ಲಿ ಮಟ್ಟ ಸುಮಾರು 10 ಸೆಂ.ಮೀ. ಏರಬಲ್ಲದು, ಗಾಳಿ ಹೊರಬಿದ್ದ ಮೇಲೆ ಅದು ಮತ್ತೆ ಇಳಿಯುತ್ತದೆ. ಇಂಗುಗುಂಡಿಗಳ ಪ್ರಚಾರದಲ್ಲಿ ಗುಂಡಿಯ ಅಳತೆಗೆ ಸಿಗುವ ಗಮನ ಈ ಗಾಳಿಗೆ ಸಿಗದಿರುವುದು ನಿಜಕ್ಕೂ ದೊಡ್ಡ ಕೊರತೆ. ಮಳೆ ನಿಂತೊಡನೆ ಬಾವಿಯ ಮಟ್ಟ ನೋಡಿ ಇಂಗಿದ ನೀರಿನ ಲೆಕ್ಕ ಹಾಕುವವರು ಗಾಳಿಯ ಏರಿಕೆಯನ್ನೂ ನೀರಿನ ಖಾತೆಗೇ ಸೇರಿಸಿಬಿಡುತ್ತಾರೆ.