ಅರವತ್ತರ ಉಡುಗೊರೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆ ಈಚೆಗೆ ಹೊಸದೊಂದು ರೂಢಿ ಕಾಲಿರಿಸಿದೆ. ಬೆಂಗಳೂರು ಪುಣೆಗಳಲ್ಲಿಯೋ ಹೊರದೇಶದಲ್ಲಿಯೋ ಉದ್ಯೋಗದಲ್ಲಿರುವ ಮಕ್ಕಳು, ತಂದೆಗೆ ಅರವತ್ತು ತುಂಬಿತೆಂದರೆ, ತಂದೆತಾಯಿಗಳಿಬ್ಬರನ್ನೂ ಯೂರೋಪಿನ ಪ್ರವಾಸಕ್ಕೆ ಕಳಿಸುತ್ತಾರೆ. ಅದನ್ನು ಮೊದಲೇ ತಿಳಿಸದೆ, ಹುಟ್ಟಿದ ದಿನದಂದು ಥಟ್ಟನೆ ಕೈಗಿತ್ತು ಬೆರಗುಗೊಳಿಸಬೇಕೆಂಬುದು ಅವರ ಹಂಬಲ. ಹಿರಿಯರಲ್ಲಿ ಕೆಲವರು ಇದನ್ನು ಆಡಂಬರವೆಂದು ಹಳಿಯುವುದುಂಟು. ಹಳಿಯುವ ಮುನ್ನ ಇದರಲ್ಲಿ ಹಳೆಯದೆಷ್ಟು, ಹೊಸದೆಷ್ಟು ಎಂಬುದನ್ನು ವಿಚಾರಿಸುವುದು ಒಳ್ಳೆಯದು.

ಅರವತ್ತರ ಸಂಭ್ರಮ ನಮಗೆ ಪರಕೀಯವಲ್ಲ. ಗುರುಗ್ರಹವು ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ ಬೇಕು. ಶನಿಗೆ ಸುಮಾರು 30. ಗುರುವಿನ ಐದು ಸುತ್ತು, ಶನಿಯ ಎರಡು ಸುತ್ತು ಮುಗಿದಾಗ ಎರಡೂ ಮೊದಲಿನ ನೆಲೆಗೆ ಸಮೀಪಿಸುತ್ತವೆ. ಪ್ರಭವದಿಂದ ಅಕ್ಷಯದವರೆಗಿನ 60 ಸಂವತ್ಸರಗಳ ಚಕ್ರವೂ ಅಷ್ಟೇ ಕಾಲದ್ದು. 1965ರ ಯುಗಾದಿಗೆ ಬಂದ ವಿಶ್ವಾವಸು ಸಂವತ್ಸರವು 2025ರ ಯುಗಾದಿಗೆ ಮರಳಿ ಬಂದಿತು. ಹುಟ್ಟಿದ ವರ್ಷದ ಹೆಸರೇ ತಿರುಗಿ ಬರುವಾಗ ದಂಪತಿಗಳನ್ನು ಹಸೆಯ ಮೇಲೆ ಕೂರಿಸಿ ಷಷ್ಟ್ಯಬ್ದಿಯನ್ನು ನಡೆಸುವ ವಾಡಿಕೆ ಹಲವು ಮನೆತನಗಳಲ್ಲಿದೆ. ಎಪ್ಪತ್ತಕ್ಕೆ ಭೀಮರಥ ಶಾಂತಿ. ಎಂಬತ್ತು ದಾಟಿ ಸಾವಿರ ಹುಣ್ಣಿಮೆ ಕಂಡವರಿಗೆ ಸಹಸ್ರಚಂದ್ರ ದರ್ಶನ. ಜಪಾನಿನವರೂ ಅರವತ್ತನ್ನು ಹೊಸ ಹುಟ್ಟೆಂದು ಬಗೆದು ಹಿರಿಯರಿಗೆ ಕೆಂಪು ಅಂಗಿ ತೊಡಿಸುತ್ತಾರೆ. ಮಕ್ಕಳು ನೆಲೆ ನಿಂತ ಮೇಲೆ ಮುದಿ ದಂಪತಿಗಳು ಕಾಶಿಗೆ ಹೊರಡುತ್ತಿದ್ದುದೂ ಹಳೆಯ ಮಾತೇ. ಹಾಗಾದರೆ ಹೊಸದಾಗಿರುವುದು ಎರಡೇ: ಕಾಶಿಯ ಬದಲು ಯೂರೋಪು, ತಿಳಿಸುವುದರ ಬದಲು ಗುಟ್ಟು.

ಈ ಗುಟ್ಟಾದರೋ ನಿಲ್ಲುವಂಥದಲ್ಲ. ಯೂರೋಪಿನ 29 ದೇಶಗಳು ಶೆಂಗೆನ್ ಒಪ್ಪಂದದಂತೆ ಒಂದೇ ವೀಸಾದ ಮೇಲೆ ಪ್ರವಾಸಿಗೆ ಬಾಗಿಲು ತೆರೆಯುತ್ತವೆ. ಆದರೆ ಮೊದಲ ಸಲ ಹೋಗುವವರು ತಾವೇ ಖುದ್ದಾಗಿ ಹಾಜರಾಗಿ ಹತ್ತು ಬೆರಳುಗಳ ಗುರುತನ್ನು ಕೊಡಬೇಕು. ಅವ್ವನ ಬೆರಳನ್ನು ಅವ್ವನಿಗೆ ತಿಳಿಯದಂತೆ ಒತ್ತಿಸುವ ಉಪಾಯವನ್ನು ಯಾವ ಮಗನೂ ಇನ್ನೂ ಕಂಡುಹಿಡಿದಿಲ್ಲ!

ಅದಕ್ಕೂ ಮುಂಚೆ ಪಾಸ್‌ಪೋರ್ಟು ಆಗಬೇಕು. ಅದರಲ್ಲಿ ಹುಟ್ಟಿದ ತಾರೀಖು ಇರಬೇಕು. ನಿಜವಾದ ಬೆರಗು ಇಲ್ಲಿ ಕಾದಿರುತ್ತದೆ, ಮಕ್ಕಳಿಗೆ. ಅಪ್ಪನ ದಾಖಲೆಯಲ್ಲಿ ಜೂನ್ 1 ಎಂದಿರುತ್ತದೆ. ಶಾಲೆ ತೆರೆವ ದಿನಗಳಲ್ಲಿ ಹೆಸರು ಹಚ್ಚುವಾಗ ಮಾಸ್ತರರು ಬರೆದುಕೊಂಡ ದಿನ ಅದು. ಆ ತಲೆಮಾರಿನ ಎಷ್ಟೋ ಕನ್ನಡಿಗರು ಕಾಗದದ ಮೇಲೆ ಒಂದೇ ದಿನ ಹುಟ್ಟಿದವರು. ಶಾಲೆಯ ಮೆಟ್ಟಿಲನ್ನೇ ಹತ್ತದ ಅವ್ವನಿಗೆ ಅದೂ ಇಲ್ಲ. ಆಧಾರ್ ಚೀಟಿಯಲ್ಲಿ ಅಂದಾಜಿನ ವರ್ಷವೊಂದು. ಕೇಳಿದರೆ ಆಕೆ ತಾರೀಖನ್ನು ಹೇಳುವುದಿಲ್ಲ. ಕೊಯ್ನೆಯ ಭೂಕಂಪದ ಹಿಂದುಮುಂದು ಎನ್ನುತ್ತಾಳೆ, ಸುಗ್ಗಿಯ ಕಾಲವೆನ್ನುತ್ತಾಳೆ. ಭೂಕಂಪವಾದದ್ದು 1967ರ ಡಿಸೆಂಬರ್ 11ರಂದು. ಮಕ್ಕಳು ಈ ಸುಳಿವನ್ನು ಹಿಡಿದು ಲೆಕ್ಕ ಹಾಕಿದಾಗಲೇ ಅವ್ವನಿಗೂ ಒಂದು ಜನ್ಮದಿನವುಂಟೆಂಬುದು ಮನೆಗೆ ಗೊತ್ತಾಗುವುದು. ಷಷ್ಟ್ಯಬ್ದಿಯ ಎಣಿಕೆ ಗಂಡನ ವಯಸ್ಸಿನದು. ಹೆಂಡತಿ ಪಕ್ಕದಲ್ಲಿ ಕುಳಿತವಳು. ಪಾಸ್‌ಪೋರ್ಟಾದರೋ ಇಬ್ಬರಿಗೂ ಬೇರೆಬೇರೆ. ಆಕೆಯ ಹೆಸರಿಗೆ ಆಕೆಯದೇ ಪುಸ್ತಕ.

ಇನ್ನು, ಹೋಗಿ ನೋಡುವುದಾದರೂ ಏನನ್ನು? ಪ್ರವಾಸದ ಕಂಪನಿಗಳು ಪ್ಯಾರಿಸ್ಸಿನ ಗೋಪುರವನ್ನೂ ಸ್ವಿಟ್ಜರ್‌ಲೆಂಡಿನ ಹಿಮವನ್ನೂ ತೋರಿಸುತ್ತವೆ. ಅವು ನೋಡತಕ್ಕವೇ ಸರಿ. ಆದರೆ ಕಣ್ಣು ತನ್ನ ಬದುಕಿಗೆ ತಾಗಿದುದನ್ನು ಮಾತ್ರ ಆಳವಾಗಿ ಕಾಣುತ್ತದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಎಪ್ಪತ್ತು ದಾಟಿದ ಮೇಲೆ ಪತ್ನೀಸಮೇತರಾಗಿ ಅಮೆರಿಕಾಕ್ಕೆ ಹೋಗಿ ಬಂದು ಬರೆದ ‘ಅಮೆರಿಕಾದಲ್ಲಿ ಗೊರೂರು’ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಹೇಮಾವತಿಯ ದಡದ ಊರನ್ನು ಜೊತೆಗೆ ಒಯ್ದವರಿಗೆ ಮಾತ್ರ ಅಂಥ ಹೆಸರು ಹೊಳೆಯಬಲ್ಲುದು. ನಮ್ಮವರಿಗೂ ಜೊತೆಗೊಯ್ಯಲು ಊರುಂಟು.

ಬನಹಟ್ಟಿಯ ನೇಕಾರ ದಂಪತಿಗಳನ್ನು ಫ್ರಾನ್ಸಿನ ಲಿಯೋನ್ ನಗರಕ್ಕೆ ಕರೆದೊಯ್ಯಬೇಕು. ಸೀರೆಯ ಸೆರಗಿನಲ್ಲಿ ಹೂಬಳ್ಳಿ ಎತ್ತುವ ಜಕಾರ್ಡ್ ಯಂತ್ರಕ್ಕೆ ಹೆಸರಿತ್ತ ಜೋಸೆಫ್ ಮಾರಿ ಜಕಾರ್ಡ್ ಹುಟ್ಟಿದ್ದು ಅಲ್ಲಿ, 1752ರಲ್ಲಿ. 1804ರ ಸುಮಾರಿಗೆ ಆತ ರೂಪಿಸಿದ ಆ ಯಂತ್ರದಲ್ಲಿ, ರಂಧ್ರ ಕೊರೆದ ರಟ್ಟುಗಳು ಯಾವ ಎಳೆ ಮೇಲೇಳಬೇಕೆಂಬುದನ್ನು ನಿರ್ಧರಿಸುತ್ತವೆ. ಅದೇ ರಟ್ಟುಗಳನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು 1830ರ ದಶಕದಲ್ಲಿ ತನ್ನ ಲೆಕ್ಕದ ಯಂತ್ರಕ್ಕಾಗಿ ಯೋಚಿಸಿದನು. ಮುಂದೆ ಕಂಪ್ಯೂಟರುಗಳೂ ಬಹುಕಾಲ ಅಂಥ ರಟ್ಟುಗಳನ್ನೇ ಓದಿದವು. ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಗಳಿಸುವ ಮಗನಿಗೂ ಮಗ್ಗದ ಮುಂದೆ ಕುಳಿತು ಅವನನ್ನು ಓದಿಸಿದ ತಂದೆಗೂ ನಡುವೆ ಇಂಥದೊಂದು ನಂಟಿರುವುದನ್ನು ಲಿಯೋನಿನಲ್ಲಿ ನಿಂತು ಇಬ್ಬರೂ ಅರಿಯಬಹುದು.

ಜಮಖಂಡಿ ಮುಧೋಳಗಳು ಕಬ್ಬಿನ ಸೀಮೆ. ಅಲ್ಲಿಯ ರೈತರು ಯೂರೋಪಿನ ಬಯಲಲ್ಲಿ ಬೆಳೆಯುವ ಸಕ್ಕರೆಗೆಡ್ಡೆಯನ್ನು ನೋಡಿ ಬರಲಿ. ಆ ಗೆಡ್ಡೆಯಲ್ಲಿಯೂ ಕಬ್ಬಿನದೇ ಸಕ್ಕರೆ ಇರುವುದನ್ನು ಮಾರ್ಗ್ರಾಫನು 1747ರಲ್ಲಿ ಬರ್ಲಿನ್ನಿನಲ್ಲಿ ತೋರಿಸಿದನು. ಸಮುದ್ರಮಾರ್ಗ ಕಟ್ಟಿಹೋಗಿ ಕಬ್ಬಿನ ಸಕ್ಕರೆ ದುರ್ಲಭವಾದಾಗ ನೆಪೋಲಿಯನ್ 1811ರಲ್ಲಿ ಅದರ ಬೇಸಾಯಕ್ಕೆ ಆಜ್ಞೆಯಿತ್ತನು.

ಬೀಳಗಿಯವರ ಮಾತು ಬೇರೆ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. ಮುಂದೆ ನೀರು ನಿಂತಾಗ ಕೃಷ್ಣೆಯ ದಂಡೆಯ ಹಲವು ಊರುಗಳ ಹೊಲಮನೆಗಳು ಮುಳುಗಿದವು. ಅರವತ್ತು ತುಂಬಿದ ಈ ದಂಪತಿಗಳ ವಯಸ್ಸೂ ಆ ಅಡಿಗಲ್ಲಿನ ವಯಸ್ಸೂ ಹೆಚ್ಚುಕಡಿಮೆ ಒಂದೇ. ನೆದರ್ಲೆಂಡಿನವರು 1932ರಲ್ಲಿ 32 ಕಿಲೋಮೀಟರಿನ ಒಡ್ಡನ್ನು ಕಟ್ಟಿ ಮುಗಿಸಿ, ಕಡಲನ್ನು ಹೊರಗೆ ತಡೆದು, ಒಳಗಿನ ನೀರನ್ನು ಹಂತಹಂತವಾಗಿ ಬಸಿದು ಹೊಲ ಮಾಡಿಕೊಂಡರು. ನೀರಿಗೆ ನೆಲವನ್ನು ಕೊಟ್ಟವರು, ನೀರಿನಿಂದ ನೆಲವನ್ನು ಪಡೆದವರ ನಾಡಿನಲ್ಲಿ ನಿಂತಾಗ ಏನನ್ನು ನೆನೆಯುವರೋ, ಅದನ್ನು ಕೇಳಿಸಿಕೊಳ್ಳಲು ಮಕ್ಕಳು ಪಕ್ಕದಲ್ಲಿರಬೇಕು.

ಉಡುಗೊರೆ ಎಂಬ ನಮ್ಮ ಮಾತಿನೊಳಗೆ ಉಡುವ ಬಟ್ಟೆಯ ನೆನಪಿದೆ. ಬಟ್ಟೆಯನ್ನು ಕೊಡುವವರು ಉಡುವವರ ಮೈಯನ್ನು ಅರಿತಿರಬೇಕಲ್ಲವೆ? ಪ್ರವಾಸಕ್ಕೂ ಅದೇ ನ್ಯಾಯ. ಆದುದರಿಂದ ಗುಟ್ಟನ್ನು ಬಿಟ್ಟು ಮೊದಲೇ ಕೇಳುವುದು ಲೇಸು: ಏನನ್ನು ನೋಡಬೇಕೆಂದಿದ್ದೀರಿ? ಕೇಳಿದ ಬಳಿಕ ತಡಮಾಡಬಾರದು. ಅಲ್ಲಿಯ ಊರುಗಳನ್ನು ಬಹುಮಟ್ಟಿಗೆ ನಡೆದೇ ನೋಡಬೇಕು, ಮೊಣಕಾಲು ಸಂವತ್ಸರದ ಎಣಿಕೆಯನ್ನು ಕಾಯುವುದಿಲ್ಲ. ಯೂರೋಪಿಗೆ ಕಳಿಸುವ ಶಕ್ತಿಯಿಲ್ಲದವರೂ ಈ ಉಡುಗೊರೆಯ ಮೊದಲ ಭಾಗವನ್ನು ಇಂದೇ ಕೊಡಬಹುದು. ಅವ್ವನ ಬಳಿ ಕುಳಿತು, ಆಕೆ ಹುಟ್ಟಿದ ದಿನವನ್ನು ಹುಡುಕಿ, ಮನೆಯ ಪಂಚಾಂಗದಲ್ಲಿ ಬರೆದಿಡುವುದಕ್ಕೆ ವೀಸಾ ಬೇಕಾಗಿಲ್ಲ.