ಜಾತ್ರೆಯ ಬಂಡಿಗೆ ಹನ್ನೆರಡು ವೋಲ್ಟಿನ ಬೆಳಕು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯವರಿಗೆ ಮನೆಯನ್ನೇ ಬಂಡಿಗೇರಿಸಿಕೊಂಡು ಹೊರಡುವುದು ಹೊಸ ಸಂಗತಿಯೇನಲ್ಲ. ಮಹಾಶಿವರಾತ್ರಿಯ ಹೊತ್ತಿಗೆ ಶ್ರೀ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಕೂಡುತ್ತದೆ. ಒಂದು ಜೊತೆ ಹಳ್ಳಿಕಾರ್ ಹೋರಿಗಳನ್ನು ಮಾರಲೋ ಕೊಳ್ಳಲೋ ಹೊರಟ ನಮ್ಮ ಹಿರಿಯರು ಕಮಾನು ಕಟ್ಟಿದ ಗಾಡಿಯಲ್ಲಿ ಹುಲ್ಲು, ಹಿಂಡಿ, ರಾಗಿಹಿಟ್ಟು, ಪಾತ್ರೆಪಡಗ, ಹಾಸಿಗೆ, ಪೂಜೆಯ ಪೆಟ್ಟಿಗೆ ಎಲ್ಲವನ್ನೂ ತುಂಬಿಕೊಂಡು, ಹಾದಿಯಲ್ಲಿ ಕೆರೆಯ ಏರಿಯ ಮಗ್ಗುಲಲ್ಲಿ ರಾತ್ರಿ ಕಳೆದು, ಜಾತ್ರೆಯ ಬಯಲನ್ನು ಸೇರುತ್ತಿದ್ದರು. ಅಲ್ಲಿ ಹೋರಿಗಳನ್ನು ಬಿಚ್ಚಿ ಗೂಟಕ್ಕೆ ಕಟ್ಟಿದರೆ, ಆ ಗಾಡಿಯೇ ಮಲಗುವ ಮನೆ, ಗಾಡಿಯ ನೆರಳೇ ಅಡುಗೆಮನೆ. ಪಶ್ಚಿಮ ದೇಶಗಳಲ್ಲಿ ವ್ಯಾನಿನೊಳಗೆ ಮಂಚ, ಒಲೆ, ದೀಪಗಳನ್ನು ತಾವೇ ಅಳವಡಿಸಿಕೊಂಡು ಅದನ್ನು ಕ್ಯಾಂಪರ್ ಎಂದು ಕರೆಯುತ್ತಾರೆ. ಅಂಥದೊಂದು ನಮ್ಮಲ್ಲಿ ಬಹುಕಾಲದಿಂದ ಇದ್ದಿತು. ಅದಕ್ಕೆ ಕಮಾನುಗಾಡಿ ಎಂದು ಹೆಸರು.

ಈಗ ಆ ಸ್ಥಾನಕ್ಕೆ ಟ್ರ್ಯಾಕ್ಟರಿನ ಟ್ರೇಲರು, ಸರಕಿನ ಟೆಂಪೊಗಳು ಬಂದಿವೆ. ನಿಂತ ಟ್ರೇಲರಿನ ಮೇಲೆ ಬಿದಿರಿನ ಗಳುಗಳನ್ನು ಬಗ್ಗಿಸಿ ಕಟ್ಟಿ ಟಾರ್ಪಾಲು ಹೊದಿಸಿದರೆ ಒಂದು ಸಂಸಾರ ನೆಮ್ಮದಿಯಿಂದ ವಾರ ಕಳೆಯಬಹುದು. ಆದರೆ ಕತ್ತಲಾದ ಮೇಲೆ ಬೆಳಕಿನ ಪ್ರಶ್ನೆ ಏಳುತ್ತದೆ. ರಾತ್ರಿ ದನಗಳಿಗೆ ಮೇವು ಹಾಕಬೇಕು, ಮಕ್ಕಳಿಗೆ ಉಣಬಡಿಸಬೇಕು, ಬೆಳಗಿನ ಜಾವ ಸ್ನಾನ ಮುಗಿಸಿ ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳಬೇಕು. ಹಿಂದಿನವರ ಲಾಂದ್ರ ಈಗ ಅಟ್ಟ ಸೇರಿದೆ. ಅದರ ಜಾಗದಲ್ಲಿ ಕೆಲವರು ಮೇಣದ ಬತ್ತಿ ಹಚ್ಚುತ್ತಾರೆ. ಒಣಹುಲ್ಲು, ತೆಂಗಿನ ಸೋಗೆ, ಪ್ಲಾಸ್ಟಿಕ್ ಟಾರ್ಪಾಲುಗಳ ನಡುವೆ ಬತ್ತಿ ಹಚ್ಚುವುದೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಕೆಲವರು ಹತ್ತಿರದ ಕಂಬದಿಂದಲೋ ಅಂಗಡಿಯಿಂದಲೋ ತಂತಿ ಎಳೆದುಕೊಳ್ಳುತ್ತಾರೆ. ನೆಲದ ಮೇಲೆ ಹರಿದುಬಂದ ಆ ತಂತಿಯನ್ನು ಹೋರಿ ತುಳಿಯುತ್ತದೆ, ಮೇಲಿನ ಹೊದಿಕೆ ಹರಿಯುತ್ತದೆ, ಗಂಜಲದಿಂದ ನೆಲ ತೇವವಾಗಿರುತ್ತದೆ. ೨೩೦ ವೋಲ್ಟಿನ ವಿದ್ಯುತ್ತು ಅಂಥ ನೆಲಕ್ಕೆ ಸೋರಿದರೆ ಮನುಷ್ಯರಿಗಿಂತ ಮೊದಲು ದನ ಬೀಳುತ್ತದೆ. ಮುಂಗಾಲು ಹಿಂಗಾಲುಗಳ ನಡುವಿನ ಅಂತರ ಹೆಚ್ಚಾಗಿರುವುದರಿಂದ ನೆಲದಲ್ಲಿ ಹರಡಿದ ವಿದ್ಯುತ್ತು ಅವುಗಳ ಎದೆಯ ಮೂಲಕವೇ ಹಾದುಹೋಗುತ್ತದೆ.

ಈ ಎರಡೂ ಅಪಾಯಗಳಿಂದ ಪಾರಾಗುವ ದಾರಿಯೆಂದರೆ ಹನ್ನೆರಡು ವೋಲ್ಟಿನ ಬ್ಯಾಟರಿ. ವಾಹನದ ದೀಪಗಳೂ ಹಾರನ್ನೂ ನಡೆಯುವುದು ಇದರಿಂದಲೇ. ವಿದ್ಯುತ್ ತಂತಿ ತಲುಪದ ಮನೆಗಳಿಗೆ ಸೌರಫಲಕ, ಬ್ಯಾಟರಿ, ಒಂದೆರಡು ದೀಪ ಎಂಬ ಈ ಸರಳ ಏರ್ಪಾಡನ್ನು ಕರ್ನಾಟಕದ ಹಳ್ಳಿಗಳಲ್ಲಿ ಹರಡಿದ ಕೀರ್ತಿಯಲ್ಲಿ ಬಹುಪಾಲು ಶ್ರೀ ಹರೀಶ್ ಹಂದೆಯವರಿಗೆ ಸಲ್ಲಬೇಕು. ೧೯೯೫ರಲ್ಲಿ ಬೆಂಗಳೂರಿನ ಸೆಲ್ಕೊ ಸಂಸ್ಥೆಯ ಸ್ಥಾಪನೆಯಲ್ಲಿ ಪಾಲುಗೊಂಡ ಅವರಿಗೆ ೨೦೧೧ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ಮನೆಗೆ ಒಗ್ಗಿದ ಆ ಏರ್ಪಾಡು ಬಂಡಿಗೂ ಒಗ್ಗುತ್ತದೆ.

ಹನ್ನೆರಡು ವೋಲ್ಟು ಮೈಗೆ ಹೊಡೆಯುವುದಿಲ್ಲ ಎಂಬ ಮಾತು ನಿಜ. ಒಣ ಕೈಯಿಂದ ಎರಡೂ ಧ್ರುವಗಳನ್ನು ಮುಟ್ಟಿದರೆ ಏನೂ ತಿಳಿಯುವುದಿಲ್ಲ. ಈ ನಿಜವೇ ಜನರನ್ನು ಉದಾಸೀನಕ್ಕೆ ದೂಡಿದೆ ಎಂಬುದು ನನ್ನ ಅಭಿಪ್ರಾಯ. ಮೈಗೆ ಹೊಡೆಯದ ಬ್ಯಾಟರಿ ಬೆಂಕಿಯನ್ನು ಮಾತ್ರ ಸಲೀಸಾಗಿ ಹಚ್ಚಬಲ್ಲದು. ಪ್ಲಸ್ ಮೈನಸ್‌ಗಳ ನಡುವೆ ಒಂದು ಸ್ಪ್ಯಾನರು ಅಡ್ಡ ಬಿದ್ದರೆ ನೂರಾರು ಆಂಪಿಯರ್ ವಿದ್ಯುತ್ತು ಒಮ್ಮೆಲೇ ಹರಿದು ಕಬ್ಬಿಣ ಕೆಂಪಗೆ ಕಾಯುತ್ತದೆ. ತೆಳುವಾದ ತಂತಿಯ ಹೊದಿಕೆ ಎಲ್ಲಾದರೂ ಸವೆದು ಎರಡೂ ಎಳೆಗಳು ಕೂಡಿಕೊಂಡರೆ ಆ ತಂತಿ ಉದ್ದಕ್ಕೂ ಕಾದು, ಹೊದಿಕೆ ಕರಗಿ, ಪಕ್ಕದ ಹುಲ್ಲಿಗೆ ಕಿಡಿ ತಾಗುತ್ತದೆ. ಆದ್ದರಿಂದ ಇಡೀ ಏರ್ಪಾಡಿನಲ್ಲಿ ಅತ್ಯಂತ ಮುಖ್ಯವಾದ ವಸ್ತು ಬ್ಯಾಟರಿಯೂ ಅಲ್ಲ, ಫಲಕವೂ ಅಲ್ಲ. ಕೆಲವೇ ರೂಪಾಯಿ ಬೆಲೆಯ ಫ್ಯೂಸು.

ಫ್ಯೂಸು ದೀಪವನ್ನು ಕಾಪಾಡಲಿಕ್ಕಾಗಿ ಇದೆಯೆಂದು ಬಹುಮಂದಿ ತಿಳಿದಿದ್ದಾರೆ. ಅದು ಕಾಪಾಡುವುದು ತಂತಿಯನ್ನು. ಆದಕಾರಣ ಅದು ಇರಬೇಕಾದುದು ದೀಪದ ಬಳಿಯಲ್ಲಲ್ಲ, ಬ್ಯಾಟರಿಯ ಪ್ಲಸ್ ತುದಿಯಿಂದ ಗೇಣುದ್ದದೊಳಗೆ. ಫ್ಯೂಸಿಗಿಂತ ಮೊದಲು ಇರುವ ತಂತಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ವಾಹನಗಳಲ್ಲಿ ಬಳಸುವ ಚಪ್ಪಟೆ ಫ್ಯೂಸುಗಳು ಬಣ್ಣದಿಂದಲೇ ಗುರುತು ಸಿಗುತ್ತವೆ: ಕೆಂಪು ೧೦ ಆಂಪಿಯರ್, ನೀಲಿ ೧೫, ಹಳದಿ ೨೦. ದೀಪಗಳ ಸಾಲಿಗೆ ೧.೫ ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದಿದ್ದರೆ ಕೆಂಪು ಫ್ಯೂಸು, ೨.೫ ಚದರ ಮಿಲಿಮೀಟರಿನದಾದರೆ ನೀಲಿ. ಫ್ಯೂಸು ಪದೇ ಪದೇ ಹೋಗುತ್ತಿದೆಯೆಂದು ಅದರ ಜಾಗಕ್ಕೆ ತಾಮ್ರದ ಎಳೆಯನ್ನೋ ಬೀಡಿಕಟ್ಟಿನ ಬೇಗಡೆಯನ್ನೋ ಸಿಕ್ಕಿಸುವ ಜಾಣರು ಎಲ್ಲ ಊರಿನಲ್ಲಿಯೂ ಇದ್ದಾರೆ. ಅವರನ್ನು ಈ ಪೆಟ್ಟಿಗೆಯಿಂದ ದೂರವಿಡುವುದು ಲೇಸು.

ನಮ್ಮ ಮನೆಗಳವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಮಾತುಂಟು. ಬ್ಯಾಟರಿಯ ಮೇಲೆ ಬಾಗಿ ಕೆಲಸ ಮಾಡುವಾಗ ಕೊರಳಿನ ಬೆಳ್ಳಿಯ ಕರಡಿಗೆ ಜೋಲಿ ಬಿದ್ದು ಎರಡು ಧ್ರುವಗಳ ನಡುವೆ ತಾಗಬಹುದು. ಲೋಹಗಳಲ್ಲೆಲ್ಲ ವಿದ್ಯುತ್ತನ್ನು ಅತಿ ಸರಾಗವಾಗಿ ಹರಿಸುವುದು ಬೆಳ್ಳಿ. ಇಷ್ಟಲಿಂಗವನ್ನು ಮೈಯಿಂದ ಅಗಲಿಸುವ ಪ್ರಶ್ನೆಯೇ ಇಲ್ಲವಾದ್ದರಿಂದ, ಕರಡಿಗೆಯನ್ನು ವಸ್ತ್ರದಲ್ಲಿ ಸುತ್ತಿ ಅಂಗಿಯೊಳಗೆ ಬಿಗಿಯಾಗಿ ಕಟ್ಟಿಕೊಂಡು ಕೆಲಸಕ್ಕೆ ತೊಡಗಬೇಕು. ಉಂಗುರ, ಕಡಗ, ಬಳೆಗಳನ್ನು ತೆಗೆದಿಡಬೇಕು. ಹಳೆಯ ಸೈಕಲ್ ಟ್ಯೂಬಿನ ತುಂಡೊಂದನ್ನು ಪ್ಲಸ್ ತುದಿಯ ಮೇಲೆ ಹೊದಿಸಿ ಕಟ್ಟಿದರೆ ಅರ್ಧ ಅಪಾಯ ತಪ್ಪಿದಂತೆ. ಸೀಸ ಆಮ್ಲದ ಬ್ಯಾಟರಿ ಚಾರ್ಜಾಗುವಾಗ ಜಲಜನಕ ಅನಿಲ ಹೊರಬರುತ್ತದೆ, ಅದು ಕಿಡಿಗೆ ಸಿಡಿಯುವಂಥದು. ಆದ್ದರಿಂದ ಬ್ಯಾಟರಿಯ ಪೆಟ್ಟಿಗೆಗೆ ಗಾಳಿಯಾಡುವ ಕಿಂಡಿಗಳಿರಬೇಕು. ಪೂಜೆಯ ಜಾಗ ಅದರಿಂದ ದೂರವಿರಬೇಕು. ಕರ್ಪೂರ, ಊದುಬತ್ತಿಗಳು ಆ ಬದಿಗೆ ಸುಳಿಯಬಾರದು.

ಎಷ್ಟು ದೊಡ್ಡ ಬ್ಯಾಟರಿ ಬೇಕೆಂಬುದನ್ನು ಅಂಗಡಿಯವರ ಮಾತಿನಿಂದ ನಿರ್ಧರಿಸುವುದಕ್ಕಿಂತ ಮನೆಯಲ್ಲೇ ಲೆಕ್ಕ ಹಾಕುವುದು ಮೇಲು. ೫ ವಾಟಿನ ನಾಲ್ಕು ಎಲ್‌ಇಡಿ ದೀಪಗಳು ೫ ಗಂಟೆ ಉರಿದರೆ ೧೦೦ ವಾಟ್-ಗಂಟೆ. ೧೫ ವಾಟಿನ ಒಂದು ಸಣ್ಣ ಡಿ.ಸಿ. ಫ್ಯಾನು ಎಂಟು ಗಂಟೆ ತಿರುಗಿದರೆ ೧೨೦. ನಾಲ್ಕು ಮೊಬೈಲು ಫೋನುಗಳಿಗೆ ೬೦ ಎಂದಿಟ್ಟುಕೊಳ್ಳೋಣ. ಒಟ್ಟು ೨೮೦. ಇದನ್ನು ೧೨ರಿಂದ ಭಾಗಿಸಿದರೆ ಒಂದು ರಾತ್ರಿಗೆ ಸುಮಾರು ೨೩ ಆಂಪಿಯರ್-ಗಂಟೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯಸ್ಸು ಕುಗ್ಗುವುದರಿಂದ ಒಂದು ರಾತ್ರಿಗೆ ೬೦ ಆಂಪಿಯರ್-ಗಂಟೆಯದು ಧಾರಾಳ, ಎರಡು ರಾತ್ರಿಗೆ ೧೦೦ರದು ಸಾಕು. ಅದರಲ್ಲಿಯೂ ವಾಹನ ಚಾಲೂ ಮಾಡುವ ಬ್ಯಾಟರಿಗಿಂತ ಮನೆಯ ಇನ್ವರ್ಟರಿಗೆ ಬಳಸುವ ಟ್ಯೂಬುಲರ್ ಬ್ಯಾಟರಿ ಉತ್ತಮ. ಈಚೆಗೆ ಬಂದಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಬೆಲೆ ಹೆಚ್ಚು, ತೂಕ ಬಹಳ ಕಡಿಮೆ, ಮುಕ್ಕಾಲು ಪಾಲಿಗಿಂತಲೂ ಹೆಚ್ಚು ಬಳಸಬಹುದು. ೪೦ ಆಂಪಿಯರ್-ಗಂಟೆಯದೇ ಒಂದು ರಾತ್ರಿಯನ್ನು ಸುಖವಾಗಿ ಸಾಗಿಸುತ್ತದೆ.

ಈ ಲೆಕ್ಕದಲ್ಲಿ ಮಿಕ್ಸಿ ಸೇರಿಲ್ಲವೆಂದು ಮಾತೆಯರು ಆಕ್ಷೇಪಿಸಬಹುದು. ೫೦೦ ವಾಟಿನ ಮಿಕ್ಸಿಯನ್ನು ಇನ್ವರ್ಟರಿನ ಮೂಲಕ ತಿರುಗಿಸಿದರೆ ಬ್ಯಾಟರಿಯಿಂದ ೪೫ ಆಂಪಿಯರಿಗೂ ಹೆಚ್ಚು ಹರಿಯಬೇಕು. ಅದಕ್ಕೆ ಬೇರೆಯೇ ದಪ್ಪ ತಂತಿ, ಬೇರೆಯೇ ಫ್ಯೂಸು, ಮೇಲಾಗಿ ನಾವು ತಪ್ಪಿಸಿಕೊಳ್ಳಬೇಕೆಂದಿದ್ದ ೨೩೦ ವೋಲ್ಟೇ ಮತ್ತೆ ಬಂಡಿಯೊಳಗೆ ಬಂದು ಕೂರುತ್ತದೆ. ಚಟ್ನಿಪುಡಿಯನ್ನು ಮನೆಯಲ್ಲೇ ಮಾಡಿ ಡಬ್ಬಿಗೆ ತುಂಬಿಕೊಂಡು ಬರುವ ಹಳೆಯ ಪದ್ಧತಿಯೇ ವಾಸಿ.

ತಂತಿಯ ದಪ್ಪದ ಬಗ್ಗೆ ಒಂದೆರಡು ಮಾತು. ೬೦ ವಾಟಿನ ಉಪಕರಣಕ್ಕೆ ಮನೆಯ ವಿದ್ಯುತ್ತಿನಲ್ಲಿ ಕಾಲು ಆಂಪಿಯರ್ ಸಾಕು, ಹನ್ನೆರಡು ವೋಲ್ಟಿನಲ್ಲಿ ೫ ಆಂಪಿಯರ್ ಬೇಕು. ವೋಲ್ಟು ಕಡಿಮೆಯಾದಷ್ಟೂ ತಂತಿ ದಪ್ಪವಾಗಬೇಕು. ೧ ಚದರ ಮಿಲಿಮೀಟರಿನ ತಂತಿಯಲ್ಲಿ ೫ ಮೀಟರು ದೂರಕ್ಕೆ ೧೦ ಆಂಪಿಯರ್ ಒಯ್ದರೆ, ಹೋಗಿಬರುವ ಹಾದಿಯಲ್ಲಿ ಸುಮಾರು ೧.೮ ವೋಲ್ಟು ಶಾಖವಾಗಿ ಕಳೆದುಹೋಗುತ್ತದೆ, ೨.೫ರ ತಂತಿಯಲ್ಲಿ ಮುಕ್ಕಾಲು ವೋಲ್ಟಿಗೂ ಕಡಿಮೆ. ದೀಪ ಮಂಕಾಗಿದ್ದರೆ ಬ್ಯಾಟರಿಯನ್ನು ಬೈಯುವ ಮೊದಲು ತಂತಿಯನ್ನು ನೋಡಬೇಕು. ಟ್ರೇಲರಿನ ಕಬ್ಬಿಣವನ್ನೇ ಮೈನಸ್ ತಂತಿಯಾಗಿ ಬಳಸದೆ ಎರಡು ಎಳೆ ಎಳೆಯುವುದು ಕ್ಷೇಮ.

ತುಂಬಿಸುವುದಕ್ಕೆ ಎರಡು ಮೂಲಗಳುಂಟು. ಇಂಜಿನು ಓಡುವಾಗ ಅದರ ಆಲ್ಟರ್ನೇಟರಿನಿಂದ ಪಡೆಯಬಹುದು. ಆದರೆ ನಡುವೆ ರಿಲೇಯೊಂದನ್ನು ಹಾಕಿಸಬೇಕು. ಇಲ್ಲವಾದರೆ ರಾತ್ರಿಯ ದೀಪಗಳು ವಾಹನದ ಬ್ಯಾಟರಿಯನ್ನೇ ಕುಡಿದು, ಬೆಳಿಗ್ಗೆ ತಳ್ಳುವ ಪಾಳಿ ಬರುತ್ತದೆ. ಇದು ಆಟೋ ಎಲೆಕ್ಟ್ರಿಷಿಯನ್ನರ ಕೆಲಸ. ನಿಂತ ಬಂಡಿಗೆ ಸೂರ್ಯನೇ ಗತಿ. ೨೦೧೮ರಲ್ಲಿ ಉದ್ಘಾಟನೆಗೊಂಡ, ಬಳಿಕ ೨೦೫೦ ಮೆಗಾವಾಟಿಗೆ ಬೆಳೆದ ಪಾವಗಡದ ಸೌರ ಉದ್ಯಾನವಿರುವುದು ನಮ್ಮ ಜಿಲ್ಲೆಯಲ್ಲಿಯೇ. ನಮಗೆ ಬೇಕಾದುದು ಅಂಥದೇ ಒಂದು ಫಲಕ, ೧೦೦ ವಾಟಿನದು. ಶಿವರಾತ್ರಿಯ ಹೊತ್ತಿನ ಬಿಸಿಲಿನಲ್ಲಿ ಅದು ಮೇಲಿನ ೨೮೦ ವಾಟ್-ಗಂಟೆಯನ್ನು ಹಗಲಿನಲ್ಲಿ ದುಡಿದು ಕೊಡಬಲ್ಲದು. ಫಲಕದಿಂದ ೧೮ ವೋಲ್ಟಿನಷ್ಟು ಬರುವುದರಿಂದ ನಡುವೆ ಚಾರ್ಜ್ ಕಂಟ್ರೋಲರ್ ಇರಲೇಬೇಕು. ಜೋಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಫಲಕ. ಬಿಚ್ಚುವಾಗ ಮೊದಲು ಫಲಕ. ತೆಂಗಿನ ನಾಡಿನವರಿಗೆ ಒಂದು ಸೂಚನೆ: ಫಲಕದ ಮೇಲೆ ಒಂದೇ ಗರಿಯ ನೆರಳು ಬಿದ್ದರೂ ಉತ್ಪತ್ತಿ ಭಾರಿ ಪ್ರಮಾಣದಲ್ಲಿ ಇಳಿಯುತ್ತದೆ. ಮರದ ಬುಡದಲ್ಲಿಟ್ಟರೆ ಒಂದು ಕಾಯಿ ಬಿದ್ದು ಗಾಜು ಒಡೆಯುವುದಕ್ಕೂ ತಡವಿಲ್ಲ.

ಇಷ್ಟನ್ನೂ ವಾಹನಕ್ಕೆ ಕೊರೆದು ಜಡಿಯಬಾರದು. ವಾಹನವನ್ನು ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ಮಾರ್ಪಡಿಸಕೂಡದೆಂದು ಮೋಟಾರು ವಾಹನ ಕಾಯ್ದೆಯ ೫೨ನೆಯ ವಿಧಿಯಿದೆ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಸರಕಿನ ಬಂಡಿಯಲ್ಲಿ ಜನರನ್ನು ಕೂರಿಸಿಕೊಂಡು ಹೋಗುವುದೂ ನಿಷಿದ್ಧ. ಹೆಂಗಸರು ಮಕ್ಕಳು ಬಸ್ಸಿನಲ್ಲಿ ಬರಲಿ, ಬಂಡಿ ನಿಂತ ಮೇಲೆ ಮನೆಯಾಗಲಿ. ಬ್ಯಾಟರಿ, ಫ್ಯೂಸು, ಸ್ವಿಚ್ಚು, ಕಂಟ್ರೋಲರುಗಳನ್ನು ಹಿಡಿಕೆಯುಳ್ಳ ಮರದ ಪೆಟ್ಟಿಗೆಯೊಂದರಲ್ಲಿ ಕೂಡಿಸಿ, ಬ್ಯಾಟರಿಯನ್ನು ಬೆಲ್ಟಿನಿಂದ ಬಿಗಿದು, ಪೆಟ್ಟಿಗೆಯನ್ನು ಹಗ್ಗದಿಂದ ಕಟ್ಟಿದರೆ ಸಾಕು. ಹಳ್ಳದ ರಸ್ತೆಯಲ್ಲಿ ಅದು ಮಗುಚಿ ಆಮ್ಲ ಚೆಲ್ಲದಂತಿರಬೇಕು.

ಹೀಗೆ ಕಳಚಿಡುವ ಪೆಟ್ಟಿಗೆಯಾದರೆ ಜಾತ್ರೆ ಮುಗಿದ ಮೇಲೂ ಕೆಲಸಕ್ಕೆ ಬರುತ್ತದೆ. ನಮ್ಮ ಉಂಡೆ ಕೊಬ್ಬರಿಯ ಕಾಯಿ ಅಟ್ಟದ ಮೇಲೆ ಎಂಟು ತಿಂಗಳಿಂದ ವರ್ಷದವರೆಗೆ ಒಣಗುತ್ತದೆ. ಮಟ್ಟೆ, ನಾರು, ಎಣ್ಣೆಯಂಶದ ಕೊಬ್ಬರಿ ತುಂಬಿದ ಆ ಅಟ್ಟಕ್ಕೆ ಬುಡ್ಡಿದೀಪ ಹಿಡಿದು ಹತ್ತುವುದೂ, ಇಲಿ ಕಡಿದ ಹಳೆಯ ತಂತಿಯಲ್ಲಿ ಬಲ್ಬು ಉರಿಸುವುದೂ ಒಂದು ವರ್ಷದ ದುಡಿಮೆಯನ್ನು ಪಣಕ್ಕಿಟ್ಟಂತೆ. ಅದೇ ಪೆಟ್ಟಿಗೆಯನ್ನು ಅಟ್ಟದ ಕೆಳಗಿಟ್ಟು, ಅದೇ ಕೆಂಪು ಫ್ಯೂಸಿನ ಸಾಲಿನಿಂದ ಒಂದು ೫ ವಾಟಿನ ದೀಪವನ್ನು ಮೇಲಕ್ಕೆ ಒಯ್ಯಬಹುದು. ಬಳಸದೆ ಇಟ್ಟ ತಿಂಗಳುಗಳಲ್ಲಿ ಸೀಸದ ಬ್ಯಾಟರಿಗೆ ತಿಂಗಳಿಗೊಮ್ಮೆಯಾದರೂ ಪೂರ್ತಿ ಚಾರ್ಜು ಕೊಡಬೇಕು. ತುಂಬಿದ ಬ್ಯಾಟರಿ ಕೆಲವು ಗಂಟೆ ಸುಮ್ಮನಿದ್ದ ಮೇಲೆ ಮೀಟರಿನಲ್ಲಿ ೧೨.೬ರ ಆಸುಪಾಸು ತೋರಿಸುತ್ತದೆ. ೧೨ಕ್ಕೆ ಇಳಿದಿದ್ದರೆ ಅದೇ ದಿನ ಬಿಸಿಲಿಗೆ ಫಲಕ ಹಿಡಿಯಿರಿ.