ಕಾಚಂಪುಳಿ, ಕೊಬ್ಬು ಮತ್ತು ಒಂದು ಕಿಣ್ವ

ಮಳೆಗಾಲದಲ್ಲಿ ಕೊಡಗಿನ ತೋಟ, ಕಾಡುಗಳಲ್ಲಿ ಪಣಪುಳಿ ಹಣ್ಣಾಗುತ್ತದೆ. ಮಾಗಿದ ಹಣ್ಣುಗಳನ್ನು ಬುಟ್ಟಿಯಲ್ಲಿ ತುಂಬಿಟ್ಟರೆ ರಸ ತೊಟ್ಟಿಕ್ಕಿ ಕೆಳಗಿನ ಪಾತ್ರೆಗೆ ಇಳಿಯುತ್ತದೆ. ಆ ರಸವನ್ನು ಕಪ್ಪಗೆ, ಮಂದವಾಗುವವರೆಗೆ ಕುದಿಸಿದರೆ ಕಾಚಂಪುಳಿ ಸಿದ್ಧ. ಅದು ಬೀಳದಿದ್ದರೆ ಕೊಡವರ ಹಂದಿಮಾಂಸದ ಸಾರಾದ ಪಂದಿಕರಿಗೆ ಆ ಹುಳಿಯೂ ಇಲ್ಲ, ಆ ಬಣ್ಣವೂ ಇಲ್ಲ. ಪಂದಿಮಾಂಸದ ಕೊಬ್ಬನ್ನು ಈ ಹುಳಿಯೇ ಕರಗಿಸಿಬಿಡುತ್ತದೆ ಎಂದು ನಂಬಿದವರೂ ಇದ್ದಾರೆ.

ಮಲೆನಾಡಿನವರು ಉಪ್ಪಾಗೆ ಎನ್ನುವ ಈ ಹಣ್ಣಿನ ಹುಳಿ ಯಾವುದೆಂಬುದು ಬಹುಕಾಲ ಸರಿಯಾಗಿ ತಿಳಿದಿರಲಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿ ವೈ.ಎಸ್. ಲೂಯಿಸ್ ಅವರು ಎಸ್. ನೀಲಕಂಠನ್ ಜೊತೆಗೂಡಿ 1965ರಲ್ಲಿ ಅದನ್ನು ಗುರುತಿಸಿದರು: ಹೈಡ್ರಾಕ್ಸಿಸಿಟ್ರಿಕ್ ಆಮ್ಲ. 1969ರಲ್ಲಿ ಅಮೆರಿಕದ ವಿಜ್ಞಾನಿ ಲೋವನ್‌ಸ್ಟೈನ್ ಅವರ ತಂಡ ಇನ್ನೊಂದು ಸಂಗತಿಯನ್ನು ತೋರಿಸಿತು. ಈ ಆಮ್ಲ ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವವನ್ನು ಬಲವಾಗಿ ತಡೆಯುತ್ತದೆ.

ಈ ಕಿಣ್ವಕ್ಕೂ ಹೃದಯಕ್ಕೂ ಏನು ನಂಟು? ಊಟದಲ್ಲಿ ಸಕ್ಕರೆ, ಪಿಷ್ಟ ಹೆಚ್ಚಾದಾಗ ಯಕೃತ್ತು ಅದನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ. ಅದಕ್ಕೆ ಬೇಕಾದ ಕಚ್ಚಾವಸ್ತು ಅಸಿಟೈಲ್ ಕೋಎ. ಸಿಟ್ರೇಟನ್ನು ಒಡೆದು ಅದನ್ನು ಒದಗಿಸುವುದು ಇದೇ ಕಿಣ್ವ. ಕೊಲೆಸ್ಟರಾಲ್ ತಯಾರಾಗುವುದೂ ಅದೇ ಕಚ್ಚಾವಸ್ತುವಿನಿಂದ. ರಕ್ತದಲ್ಲಿ ಕೊಲೆಸ್ಟರಾಲನ್ನು ಹೊತ್ತು ಸಾಗುವ ಎಲ್‌ಡಿಎಲ್ ಕಣಗಳು ಹೆಚ್ಚಿ ಅಪಧಮನಿಯ ಗೋಡೆಯೊಳಗೆ ಸೇರಿದಾಗ ವರ್ಷಗಟ್ಟಲೆ ಜಿಡ್ಡು ಕಟ್ಟುತ್ತದೆ. ಒಂದು ದಿನ ಆ ಜಿಡ್ಡಿನ ಮೇಲ್ಪದರ ಬಿರಿದು ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ.

ಕೊಲೆಸ್ಟರಾಲ್ ತಯಾರಿಕೆಯ ಮುಂದಿನ ಹಂತದ ಕಿಣ್ವವೊಂದನ್ನು ಸ್ಟ್ಯಾಟಿನ್ ಮಾತ್ರೆಗಳು ತಡೆಯುತ್ತವೆ. ತನ್ನಲ್ಲಿ ಕೊಲೆಸ್ಟರಾಲ್ ಕಡಿಮೆಯಾದ ಯಕೃತ್ತು ಆಗ ರಕ್ತದಿಂದ ಎಲ್‌ಡಿಎಲ್ ಅನ್ನು ಹೆಚ್ಚಾಗಿ ಸೆಳೆದುಕೊಳ್ಳುತ್ತದೆ. ಸ್ಟ್ಯಾಟಿನ್‌ನಿಂದ ಸ್ನಾಯುನೋವು ಬಂದು ಅದನ್ನು ತಾಳಲಾಗದವರಿಗೆ 2020ರಲ್ಲಿ ಅಮೆರಿಕದಲ್ಲಿ ಮಂಜೂರಾದ ಬೆಂಪೆಡೋಯಿಕ್ ಆಮ್ಲ ಒಂದು ದಾರಿ. ಅದು ತಡೆಯುವುದು ಎಟಿಪಿ ಸಿಟ್ರೇಟ್ ಲಯೇಸನ್ನೇ. ಯಕೃತ್ತಿನಲ್ಲಿ ಸಕ್ರಿಯವಾಗುವ ಈ ಔಷಧಿ ಸ್ನಾಯುಗಳಲ್ಲಿ ಸಕ್ರಿಯವಾಗುವುದಿಲ್ಲ. ಸ್ಟ್ಯಾಟಿನ್ ತಾಳಲಾಗದ 13,970 ಮಂದಿಯ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಗಂಭೀರ ತೊಂದರೆಗಳು ಶೇ. 13ರಷ್ಟು ತಗ್ಗಿದವು.

ಹಾಗಾದರೆ ಕಾಚಂಪುಳಿಯೇ ಔಷಧಿಯೆ? ಅಲ್ಲ. ಬೆಂಪೆಡೋಯಿಕ್ ಆಮ್ಲವನ್ನು ಪಣಪುಳಿಯಿಂದ ತೆಗೆದಿಲ್ಲ. ಎರಡರ ಗುರಿ ಮಾತ್ರ ಒಂದೇ. ಕಿಣ್ವವನ್ನು ಪ್ರಯೋಗಾಲಯದಲ್ಲಿ ತಡೆಯುವುದು ಬೇರೆ, ಮನುಷ್ಯನ ಅಪಧಮನಿಯನ್ನು ಕಾಪಾಡುವುದು ಬೇರೆ. ರಸವನ್ನು ಕುದಿಸಿ ಮಂದಗೊಳಿಸುವಾಗ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ ಒಂದು ಭಾಗ ಕಿಣ್ವವನ್ನು ಅಷ್ಟಾಗಿ ತಡೆಯದ ಲ್ಯಾಕ್ಟೋನ್ ರೂಪಕ್ಕೆ ತಿರುಗುತ್ತದೆ. ಮೇಲಾಗಿ ಈ ಕಿಣ್ವ ಕೆಲಸ ಮಾಡುವುದು ದೇಹ ಹೊಸದಾಗಿ ಕೊಬ್ಬು ತಯಾರಿಸುವಾಗ. ಅದನ್ನು ತಡೆದ ಮಾತ್ರಕ್ಕೆ ತಟ್ಟೆಯಲ್ಲಿರುವ ಪಂದಿಯ ಕೊಬ್ಬು ಕರಗುವುದಿಲ್ಲ.

ತೂಕ ಇಳಿಸುತ್ತದೆಂದು ಜಗತ್ತಿನಾದ್ಯಂತ ಮಾರಾಟವಾಗುವ ಗಾರ್ಸಿನಿಯಾ ಕ್ಯಾಪ್ಸೂಲುಗಳ ಹಿಂದಿರುವುದೂ ಇದೇ ಹಣ್ಣು. ಅಮೆರಿಕದಲ್ಲಿ 135 ಮಂದಿಯ ಮೇಲೆ 12 ವಾರ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಾರ್ಸಿನಿಯಾ ನುಂಗಿದವರ ತೂಕ, ಔಷಧಿಯಿಲ್ಲದ ಮಾತ್ರೆ ನುಂಗಿದವರಿಗಿಂತ ಗಮನಾರ್ಹವಾಗಿ ಇಳಿಯಲಿಲ್ಲ. ಇಂಥ ಕ್ಯಾಪ್ಸೂಲುಗಳಿಂದ ಕೆಲವರ ಯಕೃತ್ತಿಗೆ ತೀವ್ರ ಹಾನಿಯಾದದ್ದೂ ವೈದ್ಯಕೀಯ ದಾಖಲೆಗಳಲ್ಲಿದೆ. ವೈದ್ಯರು ಬರೆದ ಸ್ಟ್ಯಾಟಿನ್ ಬಿಟ್ಟು ಇವುಗಳ ಮೊರೆಹೋಗುವುದು ಅಪಾಯ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿದ್ದರೆ ಉಳಿದವರು ಲಿಪಿಡ್ ಪ್ರೊಫೈಲ್ ಎಂಬ ರಕ್ತಪರೀಕ್ಷೆಯನ್ನು ತಡಮಾಡದೆ ಮಾಡಿಸಿ, ಎಲ್‌ಡಿಎಲ್ ಎಷ್ಟಿದೆಯೆಂದು ವೈದ್ಯರಲ್ಲಿ ವಿಚಾರಿಸಬೇಕು.